ಹೆಸರು ಬರೆದ ಚೀಟಿ

ಪೆನ್ಸಿಲು ಕೈಗೆ ಬಂದ ಮೇಲೆಯೇ ಬುಪ್ಪಾಳಿಗೆ ತಿಳಿದದ್ದು, ಬರೆಯಬೇಕಾದ ಹೆಸರು ತನ್ನ ಹತ್ತಿರ ಇಲ್ಲವೆಂದು. ಅಷ್ಟಮಿಯ ಬೆಳಿಗ್ಗೆ. ವಿಹಾರದ ಜಗಲಿಯ ಮೇಲೆ ಹೆಂಗಸರು ಕಾಲನ್ನು ಒಂದು ಮಗ್ಗುಲಿಗೆ ಮಡಿಸಿ ಕೂತಿದ್ದರು; ಭಿಕ್ಷುಗಳ ಪಾತ್ರೆಗಳಿಗೆ ಅನ್ನ ಬಿದ್ದಾಗಿತ್ತು; ಬೇಯಿಸಿದ ಮೊಟ್ಟೆಯ ವಾಸನೆ, ಕಮಲದ ಮೊಗ್ಗುಗಳ ಹಸಿ ವಾಸನೆ, ಊದುಬತ್ತಿಯ ಹೊಗೆ ಎಲ್ಲ ಒಂದಾಗಿ ಮಾಡಿನ ಕೆಳಗೆ ನಿಂತಿದ್ದವು. ಪ್ರಸೋಂ ತಾತ ಸತ್ತವರ ಹೆಸರು ಬರೆಯುವ ಬಿಳಿಯ ಚೀಟಿಗಳ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದ. ಹಡಗಿನಲ್ಲಿ ಇಪ್ಪತ್ತು ವರ್ಷ ಅಡಿಗೆ ಮಾಡಿ, ಈಗ ವಿಹಾರದ ಅಂಗಳ ಗುಡಿಸಿಕೊಂಡು ಇರುವವನು ಅವನು. ಹೆಸರು ಬರೆದು ತಟ್ಟೆಗೆ ಹಾಕಬೇಕು, ಭಿಕ್ಷುಗಳು ಅದರ ಮುಂದೆ ಪಠಣ ಮಾಡುತ್ತಾರೆ, ಆಮೇಲೆ ಚೀಟಿ ಸುಟ್ಟು ಬೂದಿಯ ಮೇಲೆ ನೀರು ಬಿಟ್ಟರೆ ಪುಣ್ಯ ಹೋಗಬೇಕಾದವರಿಗೆ ಹೋಗುತ್ತದೆ. ಅಮ್ಮನ ಹೆಸರನ್ನು ಅವಳು ಹನ್ನೊಂದು ವರ್ಷದಿಂದ ಹೀಗೆ ಬರೆಯುತ್ತ ಬಂದಿದ್ದಳು. ಕೈ ತಾನಾಗಿಯೇ ಬರೆಯುತ್ತಿತ್ತು. ಇವತ್ತು ಎರಡನೆಯ ಚೀಟಿಯನ್ನೂ ತೆಗೆದುಕೊಂಡಳು. ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗಿತು. ತಾಗಿದಲ್ಲಿ ಒಂದು ಚುಕ್ಕೆ ಆಯಿತು. ಚುಕ್ಕೆ ಮುಂದೆ ಹೋಗಲಿಲ್ಲ.

"ಇನ್ನೊಂದು ಯಾರದ್ದಮ್ಮ?" ಎಂದ ಪ್ರಸೋಂ ತಾತ.

"ಒಬ್ಬರು ಹೆಂಗಸು, ತಾತ. ಪರದೇಶದವರು."

"ಪರದೇಶದವ್ರಿಗೂ ಹೆಸರಿರತ್ತಲ್ವಾ?"

ಪಕ್ಕದ ಹೆಂಗಸರು ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕರು. "ಮರೆತುಹೋಯ್ತು" ಎಂದಳು ಬುಪ್ಪಾ.

"ಮರೆತಿದ್ರೆ ಕೇಳ್ಕೊಂಡು ಬಾ. ಸಂಜೆ ನಾಲ್ಕಕ್ಕೆ ಇನ್ನೊಂದ್ಸಲ ಪಠಣ ಇದೆ. ಹೆಸರಿಲ್ದೆ ಸುಟ್ರೆ ಯಾರ ಮನೆಗೆ ಹೋಗ್ಬೇಕು ಅಂತ ಹೊಗೆಗಾದ್ರೂ ಹೆಂಗೆ ಗೊತ್ತಾಗತ್ತೆ ಹೇಳು."

ಮರೆತುಹೋಯಿತು ಎಂದದ್ದು ಸುಳ್ಳು. ಮರೆಯುವುದಕ್ಕೆ ಮೊದಲು ಒಮ್ಮೆಯಾದರೂ ಕೇಳಿರಬೇಕು. ನಿನ್ನೆ ಸಂಜೆ ಹಾಲ್ವರ್ ಎಂಬ ಆ ಮುದುಕ ಬಾರಿನ ಗಲ್ಲಾದ ಮೇಲೆ ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ತಂದು, ಹೆಂಡತಿಯ ಹೆಸರು ಹೇಳಿದ್ದ. ಒಂದು ಸಲವಲ್ಲ, ಎರಡು ಸಲವಲ್ಲ, ಮೂರು ಸಲ. ಅವನ ತುಟಿ ಅಲ್ಲಾಡಿದ್ದು ಈಗಲೂ ಕಾಣುತ್ತಿತ್ತು. ಕೆಳತುಟಿಯ ಮೇಲೆ ನಿಂಬೆ ತಿರುಳಿನ ಒಂದು ಎಳೆ ಅಂಟಿದ್ದೂ ಕಾಣುತ್ತಿತ್ತು. ದನಿ ಮಾತ್ರ ಇರಲಿಲ್ಲ. "ನಾಳೆ ವಿಹಾರಕ್ಕೆ ಹೋಗ್ತೀರಲ್ಲ, ಅವಳ ಹೆಸರು ಬರೀತೀರಾ?" ಎಂದು ಕೇಳಿದ್ದ. ಅವಳು ತಲೆಯಾಡಿಸಿದ್ದಳು. ಬಲಗೈ ಎದೆಗೆ ಇಟ್ಟುಕೊಂಡು, ಕಣ್ಣು ಸ್ವಲ್ಪ ತಗ್ಗಿಸಿ, ಹೇಳಿದ್ದೆಲ್ಲ ಒಳಗೆ ಇಳಿಯಿತು ಎಂಬಂತೆ. ಹಾಗೆ ತಲೆಯಾಡಿಸುವುದನ್ನು ಅವಳು ಇಪ್ಪತ್ತು ವರ್ಷದಲ್ಲಿ ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಆಡಿಸುವಾಗ ತನಗೇ ಅದು ನಿಜವೆನ್ನಿಸುತ್ತಿತ್ತು.

ವಿಹಾರದ ಮೆಟ್ಟಿಲಿಳಿದು ಚಪ್ಪಲಿ ಹುಡುಕುವಾಗ ಅವಳಿಗೆ ಸುರಿನ್ ಸೀಮೆಯ ತನ್ನ ಹಳ್ಳಿಯ ಜಗಲಿ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ಕಾಲ ಕೆಳಗಿನ ಬಿಸಿ ಸಿಮೆಂಟು ಹೋಗಿ ತಣ್ಣನೆಯ ಹಲಗೆ ಬಂತು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಒಬ್ಬ ಮುದಿ ಭಿಕ್ಷು ತಾಳೆಗರಿ ನೋಡಿಕೊಂಡು ಪದ್ಯ ಓದುತ್ತಿದ್ದಾನೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವನು ಎಳೆದುಕೊಳ್ಳುವ ಉಸಿರಿನಲ್ಲಿ ಇಡೀ ಜಗಲಿ ಉಸಿರೆಳೆದುಕೊಳ್ಳುತ್ತದೆ. ನಿದ್ದೆ ಬಂದಿದೆ ಎಂದು ಅಜ್ಜಿ ಬೆನ್ನು ತಟ್ಟಿದರೆ, ಇಲ್ಲ, ಕೇಳ್ತಿದೀನಿ ಎನ್ನುತ್ತಿದ್ದಳು. ನಿಜಕ್ಕೂ ಕೇಳುತ್ತಿದ್ದಳು. ಬೆಳಿಗ್ಗೆ ಹತ್ತು ಹನ್ನೆರಡು ಪದ್ಯ ತಪ್ಪಿಲ್ಲದೆ ಹೇಳುತ್ತಿದ್ದಳು. "ಈ ಹುಡುಗಿಗೆ ದೇವರು ಬಾಯಿ ಕೊಡೋ ಬದಲು ಮೂರು ಕಿವಿ ಕೊಟ್ಟಿದಾನೆ" ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಕಿವಿಗಳನ್ನು ಹೊತ್ತುಕೊಂಡೇ ಅವಳು ಪಟಾಯಾಕ್ಕೆ ಬಂದದ್ದು. ಇಲ್ಲಿ ಗಂಡಸರು ಬಂದು ಹೇಳುತ್ತಿದ್ದರು. ಹೆಂಡತಿ ಬಿಟ್ಟದ್ದು, ಕಾರ್ಖಾನೆ ಮುಚ್ಚಿದ್ದು, ಮಗ ಮಾತಾಡದಿರುವುದು. ಮೊದಲ ವರ್ಷ ಎಲ್ಲವನ್ನೂ ಕೇಳಿದಳು, ಕೋಣೆಗೆ ಹೋಗಿ ಅತ್ತಳು. ಎರಡನೆಯ ವರ್ಷ ಅರ್ಧ ಕೇಳಿದಳು. ಯಾವ ವರ್ಷ ಪೂರಾ ನಿಂತಿತೋ ಗೊತ್ತಿಲ್ಲ. ನೀರು ನಿಂತ ಮೇಲೂ ನಲ್ಲಿ ನಲ್ಲಿಯ ಹಾಗೆಯೇ ಕಾಣುತ್ತದಲ್ಲ, ಹಾಗೆ.

ನೀಲಿ ಪಿಕಪ್ಪಿನ ಹಿಂದಿನ ಬೆಂಚಿನಲ್ಲಿ ಕೂತು ಬಾರಿನ ಓಣಿಯ ತುದಿಗೆ ಇಳಿದಳು. ಹತ್ತು ಗಂಟೆಯ ಬಿಸಿಲಿನಲ್ಲಿ ಓಣಿ ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯ ಹಾಗೆ ಇತ್ತು. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ಲಮಯಿ ಗಲ್ಲಾದ ಹಿಂದೆ ನೆಲದಲ್ಲಿ ಕೂತು, ಒರಳಿನಲ್ಲಿ ಹಸಿ ಪಪಾಯಿ ಕುಟ್ಟುತ್ತಿದ್ದಳು. ಅವಳು ಬುಪ್ಪಾಳಿಗಿಂತ ಹದಿನೈದು ವರ್ಷ ಚಿಕ್ಕವಳು, ಅದೇ ಸೀಮೆಯವಳು; ಗಿರಾಕಿಗಳ ಪಕ್ಕ ಕೂರುವ ಕೆಲಸ ಅವಳದು. ಗಲ್ಲಾ ಬುಪ್ಪಾಳದು.

"ಏನಕ್ಕ, ಪುಣ್ಯ ಎಲ್ಲಾ ಒಬ್ಬಳೇ ಹೊತ್ಕೊಂಡು ಬಂದ್ಯಾ? ಇತ್ಲಾಗೂ ಒಂಚೂರು ಸುರಿ. ಬಾ, ಅನ್ನ ಇದೆ."

ಬುಪ್ಪಾ ಕೂತಳು. ಅಂಟು ಅನ್ನದ ಒಂದು ಉಂಡೆ ಹಿಡಿದು, ಅದ್ದದೆ, ಬೆರಳಲ್ಲೇ ತಿರುಗಿಸುತ್ತ ಕೇಳಿದಳು. "ನಿನ್ನೆ ಆ ಹಾಲ್ವರ್ ಅಜ್ಜ ಗಂಟೆ ಹೊಡೆದ್ರಲ್ಲ, ಆಗ ಅವರು ಒಂದು ಹೆಸರು ಹೇಳಿದ್ರು. ನಿಂಗೇನಾದ್ರೂ ಕೇಳಿಸ್ತಾ?"

"ಹೆಸರಾ? ನಂಗೆ ಕೇಳಿಸಿದ್ದು ಢಣ್ ಅಂತ ಅಷ್ಟೇ. ಆಮೇಲೆ ಪಕ್ಕದ ಬಾರಿನವ್ರು ಓಡಿ ಬಂದ ಚಪ್ಪಲಿ ಸದ್ದು." ಲಮಯಿ ನಕ್ಕಳು. "ಆ ಕುಂಟಿ ಸಮ್ಲಿ ಕೂಡ ಓಡಿ ಬಂದ್ಲಲ್ಲಕ್ಕ! ಒಂದು ವರ್ಷದಿಂದ ಮಂಡಿ ನೋವು ಅಂತಿದ್ಲು."

"ಯಾರ ಹತ್ರಾನಾದ್ರೂ ಹೇಳಿರ್ಬಹುದು. ಒಂದು ಹೆಂಗಸಿನ ಹೆಸರು."

"ಇದೇನು ಹೊಸ ರೋಗ ನಿಂಗೆ? ಒಬ್ಬ ಬರ್ತಾನೆ, ಬಂದ ದಿನಾನೇ ನನ್ನ ತಲೆ ಸವರ್ತಾನೆ, ನಾಯಿಮರಿ ಅನ್ನೋ ಹಂಗೆ. ಇನ್ನೊಬ್ಬ ಬುದ್ಧನ ಗೂಡಿಗೇ ಅಂಗಾಲು ತೋರಿಸ್ಕೊಂಡು ಬಿದ್ಕೊಂತಾನೆ. ಮತ್ತೊಬ್ಬ ಎರಡನೇ ಸಂಜೆಗೇ ಮದುವೆ ಆಗ್ತೀನಿ, ನಿಮ್ಮಮ್ಮಂಗೆ ಫೋನ್ ಹಚ್ಚು ಅಂತಾನೆ. ಈ ಅಜ್ಜ ಗಂಟೆ ಹೊಡೆದ. ತಿಳೀದೆ ಬಂದೋರು ತಿಳೀದೆ ಮಾಡ್ತಾರೆ. ಅದಕ್ಕೆಲ್ಲಾ ನೀನು ವಿಹಾರಕ್ಕೆ ಹೋಗ್ತಾ ಕೂತ್ರೆ ಭಿಕ್ಷುಗಳಿಗೆ ಊಟಕ್ಕೂ ಬಿಡುವಾಗಲ್ಲ."

ತಿಳಿಯದೆ. ಬುಪ್ಪಾ ತಲೆಯೆತ್ತಿ ನೋಡಿದಳು. ಗಲ್ಲಾದ ಮೇಲೆ, ಕೈಗೆಟಕುವ ಎತ್ತರದಲ್ಲಿ, ಆ ಹಿತ್ತಾಳೆಯ ಗಂಟೆ ನೇತಾಡುತ್ತಿತ್ತು. ಅದನ್ನು ಬಾರಿಸಿದವನು ಆ ಹೊತ್ತಿನಲ್ಲಿ ಬಾರಿನಲ್ಲಿರುವ ಎಲ್ಲರಿಗೂ ಒಂದೊಂದು ಗ್ಲಾಸು ಕುಡಿಸಬೇಕು. ಓಣಿಯ ಹುಲ್ಲುಕಡ್ಡಿಗೂ ಇದು ಗೊತ್ತು. ವಿಮಾನದಿಂದ ಇಳಿದು ಬಂದವರಿಗೆ ಮಾತ್ರ ಗೊತ್ತಿರುವುದಿಲ್ಲ. ಅದಕ್ಕೇ ಬಾರಿನ ಒಡತಿ ಸೋಂಜಿತ್ ಒಂದು ರೂಢಿ ಮಾಡಿದ್ದಳು. ತಿಳಿಯದವನು ಹೊಡೆದುಬಿಟ್ಟರೆ, ಎರಡನೆಯ ಢಣ್ ಬರುವ ಮೊದಲು ಗಲ್ಲಾದವಳು ಎದ್ದು ಗಂಟೆಯ ನಾಲಿಗೆ ಹಿಡಿಯಬೇಕು. ನಾಲಿಗೆ ಹಿಡಿದರೆ ಅದು ಲೆಕ್ಕಕ್ಕಿಲ್ಲ. ಎಲ್ಲರೂ ಒಮ್ಮೆ ನಗುತ್ತಾರೆ, ಅವನೂ ನಗುತ್ತಾನೆ, ಮಾನ ಉಳಿಯುತ್ತದೆ. ನಾಲಿಗೆ ಹಿಡಿಯುವ ಹಕ್ಕು ಬುಪ್ಪಾಳೊಬ್ಬಳದೇ. ವರ್ಷಕ್ಕೆ ಹತ್ತು ಸಲವಾದರೂ ಹಿಡಿದಿದ್ದಳು.

ಆದರೆ ಹಾಲ್ವರ್ ಉಳಿದವರ ಹಾಗೆ ಆಟಕ್ಕೆ ಹೊಡೆದಿರಲಿಲ್ಲ. ನಾಲ್ಕು ಮಧ್ಯಾಹ್ನ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲೇ ಕೂತಿದ್ದ, ನಿಂಬೆಸೋಡಾ ಬಿಟ್ಟು ಏನೂ ಕುಡಿದಿರಲಿಲ್ಲ, ಹುಡುಗಿಯರು ಪಕ್ಕಕ್ಕೆ ಬಂದರೆ ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದ. ಅದಕ್ಕೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಮೂರನೆಯ ದಿನ ಅವನು ಬೆಟ್ಟದ ವಿಹಾರಕ್ಕೆ ಹೋಗಿ ಬಂದಿದ್ದ. ಅಲ್ಲಿ ಸಾಲಾಗಿ ಗಂಟೆಗಳನ್ನು ನೋಡಿದೆ, ಜನ ಒಂದೊಂದನ್ನೇ ಹೊಡೆಯುತ್ತ ಹೋಗುತ್ತಾರೆ, ಯಾಕೆ ಎಂದು ಕೇಳಿದ. ಅವಳು ಬಿಲ್ಲಿನ ಚೀಟಿಗಳನ್ನು ಜೋಡಿಸುತ್ತ ಹೇಳಿದ್ದಳು. ಸತ್ತವರನ್ನು ನೆನೆದು ಹೊಡೀತಾರೆ. ಸದ್ದು ಎಲ್ಲಿವರೆಗೆ ಹೋಗತ್ತೋ ಅಲ್ಲಿವರೆಗೆ ಪುಣ್ಯ ಹೋಗತ್ತೆ. ಕೇಳಿದವರು ಕೈ ಮುಗಿದು ಸಾಧು ಅಂದ್ರೆ ಅವರಿಗೂ ಒಂದು ಪಾಲು ಸಿಗತ್ತೆ. ಅವನು ಸೋಡಾದ ಗ್ಲಾಸು ಪಕ್ಕಕ್ಕಿಟ್ಟ. ಆಮೇಲೆ, "ಅಪರಿಚಿತರು ಕೈ ಮುಗಿದ್ರೂ ಹೋಗತ್ತಾ?" ಎಂದ. "ಅಪರಿಚಿತರು ಮುಗಿದ್ರೆ ಇನ್ನೂ ಒಳ್ಳೇದು" ಎಂದಿದ್ದಳು. ಅದು ಅಜ್ಜಿಯ ಮಾತು. ಯೋಚಿಸದೆ ಬಂದಿತ್ತು.

ನಿನ್ನೆ ಸಂಜೆ, ಇನ್ನೂ ದೀಪ ಹಚ್ಚುವ ಹೊತ್ತು, ಅವನು ಎದ್ದು ನಿಂತು, ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು, ಎರಡೂ ಕೈಯಲ್ಲಿ ಹಗ್ಗ ಹಿಡಿದ. ಕುಡಿದವರು ಒಂದು ಕೈಯಲ್ಲಿ ಎಳೆಯುತ್ತಾರೆ. ಅವನು ಎರಡೂ ಕೈಯಲ್ಲಿ ಹಿಡಿದದ್ದನ್ನು ನೋಡಿದ ಕ್ಷಣವೇ ಅವಳಿಗೆ ಗೊತ್ತಾಯಿತು, ಸತ್ತವರಿಗಾಗಿ ಹೊಡೆಯುತ್ತಿದ್ದಾನೆಂದು. ಮೊದಲ ಢಣ್. ನಾಲಿಗೆ ಒಂದು ಮೊಳ ದೂರದಲ್ಲಿತ್ತು. ಅವಳ ಕೈಯಲ್ಲಿ ಪೆನ್ನು ಇತ್ತು. ಪೆನ್ನು ಇಟ್ಟು ಏಳಬೇಕಿತ್ತು, ಇಷ್ಟೇ. ಸಂಜೆ ಮಂಕಾಗಿತ್ತು, ಒಡತಿ ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದಳು, ಹುಡುಗಿಯರು ಆಕಳಿಸುತ್ತಿದ್ದರು. ಇವೆಲ್ಲ ಕಾರಣಗಳು ನಿಜ. ಆದರೆ ಇವುಗಳ ಕೆಳಗೆ ಇನ್ನೊಂದಿತ್ತು, ಪಿಕಪ್ಪಿನ ಬೆಂಚಿನಲ್ಲಿ ಕೂತಾಗ ಅವಳಿಗೆ ಕಂಡದ್ದು ಅದು. ನಾಲ್ಕು ದಿನದಿಂದ ಆ ಮನುಷ್ಯ ಅವಳನ್ನು ಯಾರೋ ದೊಡ್ಡ ತಿಳಿವಳಿಕೆಯವಳ ಹಾಗೆ ನೋಡುತ್ತಿದ್ದ. ಆ ನೋಟ ಅವಳಿಗೆ ಬಿಗಿಯಾದ ರವಿಕೆಯ ಹಾಗಾಗಿತ್ತು. ಒಮ್ಮೆ ಕಳಚಿ ಬೀಳಲಿ ಎನ್ನಿಸಿತ್ತು. ಎರಡನೆಯ ಢಣ್. ಮೂರನೆಯದು. ಓಣಿಯ ಎರಡೂ ಕಡೆಯಿಂದ ಹುಡುಗಿಯರು ಓಡಿ ಬಂದರು, ಕೂಗಿದರು, ಗ್ಲಾಸುಗಳು ಮೇಲೆದ್ದವು. ಗಿರಾಕಿ ಕುಡಿಸುವಾಗ ಹುಡುಗಿಯರ ಗ್ಲಾಸಿನಲ್ಲಿ ಇರುವುದು ಬರೀ ತಣ್ಣನೆಯ ಚಹಾ. ಚಹಾದ ಗ್ಲಾಸು ಎತ್ತಿ, ಇನ್ನೊಂದು ಕೈ ಹಣೆಗೆ ಮುಟ್ಟಿಸಿ, ಆಮೇಲೆ ಗ್ಲಾಸಿಟ್ಟು ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದರು. ಮೂವತ್ತು ಜನ. ಕುಡಿಸಿದವನಿಗೆ ಮಾಡುವ ನಮಸ್ಕಾರ. ಅವನು ಅಳುತ್ತ, ಒಬ್ಬೊಬ್ಬರಿಗೂ ತಿರುಗಿ, ಕೈ ಮುಗಿದ. ತಪ್ಪು ಎತ್ತರದಲ್ಲಿ, ಎದೆಯ ಕೆಳಗೆ, ಮಕ್ಕಳು ಮುಗಿಯುವ ಹಾಗೆ. ಆಮೇಲೆ ಗಲ್ಲಾದ ಮೇಲೆ ಬಗ್ಗಿ ಆ ಹೆಸರು ಹೇಳಿದ. ಅವಳು ಅಷ್ಟು ಹೊತ್ತಿಗೆ ಬಿಲ್ಲಿನ ಚೀಟಿ ಬರೆಯುತ್ತಿದ್ದಳು.

ಒಳಗಿನಿಂದ ಸೋಂಜಿತ್ ಐಸಿನ ಡಬ್ಬ ಎಳೆದುಕೊಂಡು ಬಂದಳು. "ಬುಪ್ಪಾ, ನಿನ್ನೆ ಯಾಕೆ ನಾಲಿಗೆ ಹಿಡೀಲಿಲ್ಲ ಅಂತ ನಂಗೇ ಆಶ್ಚರ್ಯ ಆಯ್ತು. ಒಳ್ಳೇ ಕೆಲಸ ಮಾಡ್ದೆ ಬಿಡು. ಇಷ್ಟು ವರ್ಷಕ್ಕೆ ಒಂದು ದಿನ ಬುದ್ಧಿ ಬಂತು."

ಮೆಚ್ಚಿ ಹೇಳಿದ ಮಾತು. ಬುಪ್ಪಾ ಅನ್ನದ ಉಂಡೆಯನ್ನು ಬುಟ್ಟಿಗೆ ವಾಪಸು ಹಾಕಿದಳು.

"ಎಲ್ಲಿಗಕ್ಕ?"

"ಅಜ್ಜನ ಹತ್ರ. ಒಂದು ಗಂಟೆಗೆ ವ್ಯಾನು ಅಂದಿದ್ರು."

"ಹೆಸರು ಕೇಳೋಕಾ? ನಿನ್ನೆ ಹೇಳಿದ್ದು ಕೇಳಿಸಲಿಲ್ಲ ಅಂತೀಯಾ ಅವ್ರಿಗೆ?" ಲಮಯಿಯ ಒನಕೆ ನಿಂತಿತು. ಮೊದಲ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. "ಬೇಡಕ್ಕ. ನಿನ್ನ ಮರ್ಯಾದೆನೂ ಹೋಗತ್ತೆ, ಅವ್ರ ಮನಸ್ಸೂ ಮುರಿಯತ್ತೆ. ಯಾವ್ದಾದ್ರೂ ಒಂದು ಹೆಸರು ಬರೆದು ಸುಟ್ಟುಬಿಡು. ಸತ್ತೋರು ಬಂದು ಸಹಿ ನೋಡ್ತಾರಾ?"

ಬಿಸಿಲಲ್ಲಿ ನಡೆಯುವಾಗ ಅವಳು ಹೇಗೆ ಕೇಳಬೇಕೆಂದು ಹೊಂದಿಸಿಕೊಳ್ಳುತ್ತ ಹೋದಳು. ಅಕ್ಷರ ಹೇಗೆ ಬರೆಯುವುದು ಎಂದು ಕೇಳಬಹುದು. ನಿಮ್ಮ ಬಾಯಲ್ಲಿ ಇನ್ನೊಮ್ಮೆ ಕೇಳುವ ಆಸೆ ಎನ್ನಬಹುದು. ಪ್ರತಿಯೊಂದು ಸುಳ್ಳೂ ನಯವಾಗಿತ್ತು, ಪ್ರತಿಯೊಂದೂ ಅವಳ ಕೈಗೆ ಒಗ್ಗಿದ್ದೇ. ಮೀನು ಒಣಗಿಸುವ ಮನೆ ದಾಟಿ, ಬಟ್ಟೆ ಒಗೆಯುವ ಅಂಗಡಿ ದಾಟಿ, ಅವನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತುವಾಗ ಎಲ್ಲ ಸುಳ್ಳುಗಳೂ ಬೆವರಿನೊಡನೆ ಇಳಿದುಹೋದವು.

ಹಾಲ್ವರ್ ಮೊಗಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬೂಟಿನ ಲಾಡಿ ಬಿಗಿದಾಗಿತ್ತು, ಒಂದು ಸಣ್ಣ ಪೆಟ್ಟಿಗೆ ಮೊಣಕಾಲಿಗೆ ಒರಗಿತ್ತು. ಎದ್ದು ನಿಂತ. ಅವಳಿಗೂ ಎದ್ದು ನಿಲ್ಲುತ್ತಿದ್ದ.

"ಬನ್ನಿ ಬುಪ್ಪಾ. ಹೋಗಿ ಬಂದ್ರಾ ವಿಹಾರಕ್ಕೆ?"

ಅವರಿಬ್ಬರೂ ಮಾತಾಡುತ್ತಿದ್ದದ್ದು ಇಬ್ಬರದೂ ಅಲ್ಲದ ಇಂಗ್ಲಿಷಿನಲ್ಲಿ, ಗೋಡೆ ಹಿಡಿದು ನಡೆಯುವವರ ಹಾಗೆ, ಸಣ್ಣ ಸಣ್ಣ ಮಾತಿನಲ್ಲಿ. "ಹೋಗಿದ್ದೆ" ಎಂದಳು. ಅವನು ಅವಳ ಮುಖ ನೋಡಿದ, ಆಮೇಲೆ ಕೋಣೆಯ ಬಾಗಿಲ ಕಡೆ ಕೈ ತೋರಿಸಿದ. ಬಾಗಿಲ ಒಳಮೈಗೆ ಮನೆಯೊಡತಿ ಅಂಟಿಸಿದ ಒಂದು ಹಾಳೆ ಇತ್ತು. ಹೊಸದಾಗಿ ಬಂದವರು ಬಾರುಗಳಲ್ಲಿ ಮಾಡಬಾರದ ತಪ್ಪುಗಳ ಪಟ್ಟಿ; ಈ ಬೀದಿಯ ಎಲ್ಲ ಕೋಣೆಗಳಲ್ಲೂ ಅಂಥದೊಂದು ಇರುತ್ತದೆ.

"ಐದು ದಿನ ಇದರ ಮೇಲೆ ಟವೆಲು ನೇತಾಕಿದ್ದೆ" ಎಂದ. "ಇವತ್ತು ಬೆಳಿಗ್ಗೆ ಟವೆಲು ತೆಗೆದೆ. ನಾಲ್ಕನೇ ಸಾಲು. ಗಂಟೆ ಮುಟ್ಟಬೇಡಿ ಅಂತಿದೆ. ಯಾಕೆ ಅಂತಾನೂ ಇದೆ."

ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟರು. ಆ ಸದ್ದು ತುಂಬುತ್ತ ತುಂಬುತ್ತ ಸಣ್ಣದಾಯಿತು.

"ಅವರೆಲ್ಲ ನನ್ನ ನೋಡಿ ನಗ್ತಿದ್ರಾ?"

"ಇಲ್ಲ. ಖುಷಿಯಾಗಿ ಕೈ ಮುಗಿದ್ರು."

"ಕುಡಿಸಿದ್ದಕ್ಕೆ."

"ಹೌದು."

"ಊರಲ್ಲಿ ಅವಳನ್ನ ಮಣ್ಣು ಮಾಡೋವಾಗ ಒಂಬತ್ತು ಜನ ಬಂದಿದ್ರು. ಹಿಮ ಬೀಳ್ತಿತ್ತು. ಬೇಗ ಹೋದ್ರು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನಿನ್ನೆ ನಂಗೆ ಅನ್ನಿಸ್ತು, ಇಷ್ಟು ಜನಾನಾ ಅಂತ." ಬೇರೆ ಯಾವುದೋ ವಿಷಯ ಕೇಳುವವನ ಹಾಗೆ ಕೇಳಿದ. "ನಾನು ಯಾಕೆ ಹೊಡೆದೆ ಅಂತ ನಿಮಗೆ ಗೊತ್ತಿತ್ತಾ?"

ಒಂದು 'ಇಲ್ಲ' ಸಾಕಾಗುತ್ತಿತ್ತು. ಅವಳ ಬಾಯಿ ಅದಕ್ಕೆ ಸಿದ್ಧವಾಗಿಯೂ ಇತ್ತು.

"ಗೊತ್ತಿತ್ತು" ಎಂದಳು. "ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ." ಉಸಿರು ಎಳೆದುಕೊಂಡಳು. "ಇನ್ನೊಂದು. ನೀವು ಹೆಸರು ಹೇಳಿದ್ರಿ. ನಂಗೆ ಕೇಳಿಸಲಿಲ್ಲ. ಕೇಳಿಸಿದ ಹಾಗೆ ತಲೆ ಆಡಿಸಿದೆ. ಈಗ ಬರೆಯೋಕೆ ಹೆಸರಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ಗೊತ್ತಿತ್ತು. ಎದುರು ಮನೆಯ ನೀರಿನ ಟ್ಯಾಂಕನ್ನು ನೋಡುತ್ತ, "ಅದು ನಿಮ್ಮ ಕೆಲಸ ಅಲ್ವಾ, ತಲೆ ಆಡಿಸೋದು" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಬಸ್ಸಿನವನಿಗೆ ಬಸ್ಸು ಓಡಿಸೋದು ನಿನ್ನ ಕೆಲಸ ಅಲ್ವಾ ಎನ್ನುವಂತೆ ಅಂದ. ಹನ್ನೊಂದು ವರ್ಷದ ಹಿಂದೆ ಊರಿನಿಂದ ಬುಪ್ಪಾಳ ತಮ್ಮ ಫೋನು ಮಾಡಿದ್ದ. ಬಾರಿನಲ್ಲಿ ಹಾಡಿನ ಅಬ್ಬರ. ಅವಳು ಹೂಂ, ಹೂಂ, ಆಯ್ತು ಎನ್ನುತ್ತಲೇ ಇದ್ದಳು. ಅಕ್ಕಾ, ಅಮ್ಮ ಹೋದ್ಲು ಅಂತ ಹೇಳ್ತಿದೀನಿ, ಏನು ಆಯ್ತು ಅಂತಿದೀಯಾ ಎಂದು ಅವನು ಕಿರುಚಿದ್ದ. ಈ ಮೊಗಸಾಲೆಯ ಬಿಸಿಲಲ್ಲಿ ನಿಂತು ಅವಳಿಗೆ ಆ ಕಿರುಚು ಮೊದಲ ಸಲ ಪೂರ್ತಿ ಕೇಳಿಸಿತು.

"ಬರೆದು ಕೊಡ್ತೀನಿ" ಎಂದ ಹಾಲ್ವರ್. "ಹೇಳಿದ್ರೆ ಮತ್ತೆ ಕಳೆದುಹೋಗತ್ತೆ."

ಅವಳು ಚೀಲದಿಂದ ಆ ಬಿಳಿಯ ಚೀಟಿ ತೆಗೆದು ಕೊಟ್ಟಳು. ಅವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಚೀಟಿಯಿಟ್ಟು, ಬರೆಯತೊಡಗಿದ. ಒಂದು ಹೆಸರಿಗೆ ಇಷ್ಟು ಹೊತ್ತು ಬೇಕೇ ಎನ್ನಿಸುವಷ್ಟು ಹೊತ್ತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ವ್ಯಾನು ಬಂತು. ಚಾಲಕ ಹಾರನ್ನು ಒತ್ತಿ ಹಿಡಿದ. ಒಂದು ನಾಯಿ ಎದ್ದು ಅಡ್ಡ ನಿಂತಿತು. ಬುಪ್ಪಾ ಅದನ್ನೇ ನೋಡುತ್ತಿದ್ದಳು.

"ಸತ್ತವರದ್ದು ಮಾತ್ರಾನಾ ಬರೆಯೋದು, ಸುಡೋ ಚೀಟೀಲಿ?" ಎಂದ ಅವನು ತಲೆಯೆತ್ತದೆ.

"ಹೂಂ. ಸತ್ತವರದ್ದು ಮಾತ್ರ" ಎಂದಳು. ನಾಯಿ ಸರಿದು ವ್ಯಾನಿಗೆ ದಾರಿ ಬಿಟ್ಟಿತು.

ಅವನು ಇನ್ನೂ ಸ್ವಲ್ಪ ಬರೆದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಈ ಊರಿನಲ್ಲಿ ದೊಡ್ಡವರಿಗೆ ಕೊಡುವ ರೀತಿ, ಯಾರು ಕಲಿಸಿದರೋ. "ಅಜ್ಜಾ, ವಿಮಾನ ನಿಂಗೋಸ್ಕರ ಕಾಯಲ್ಲ, ಬೇಗ ಬೇಗ!" ಎಂದು ಚಾಲಕ ತನ್ನ ಭಾಷೆಯಲ್ಲೇ ಕೂಗಿದ. ಹಾಲ್ವರ್ ವ್ಯಾನಿನ ಮೆಟ್ಟಿಲ ಮೇಲೆ ತಿರುಗಿ ಏನೋ ಹೇಳಿದ. ಬಾಗಿಲು ಎಳೆದುಕೊಂಡ ಸದ್ದಿನಲ್ಲಿ ಅದು ಹೋಯಿತು. ಕೈ ಬೀಸಿದಳು.

ಮನೆಯೊಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ಪಾಪದ ಮನುಷ್ಯ. ಬರೋವಾಗ ಎರಡು ಪೆಟ್ಟಿಗೆ ತಂದಿದ್ರು. ದೊಡ್ಡದನ್ನ ನಂಗೇ ಬಿಟ್ಟು ಹೋದ್ರು ನೋಡಮ್ಮ, ಬಟ್ಟೆ ಎಲ್ಲಾ ಇದೆ. ದಪ್ಪ ಉಣ್ಣೆ ಕೋಟೂ ಇದೆ. ನಿಮ್ಮೂರಲ್ಲಿ ಚಳಿ ಅಂತೀರಲ್ಲ, ಬೇಡ್ವಾ ಅಂದ್ರೆ, ಇನ್ನು ಬೇಡ ಅಂದ್ರು. ನಮ್ಮ ಯಜಮಾನ್ರಿಗೆ ಈ ಸೆಕೇಲಿ ಉಣ್ಣೆ ಕೋಟು ಹಾಕ್ಸಿದ್ರೆ ಬೆಂದೇ ಹೋಗ್ತಾರೆ!" ಬುಪ್ಪಾ ನಕ್ಕಳು, ತಲೆಯಾಡಿಸಿದಳು. ಚೀಟಿ ಕೈಯಲ್ಲಿತ್ತು. ಮನಸ್ಸು ಮೊದಲ ಸಲ ಹಗುರವಾಗಿತ್ತು. ಕೇಳಬೇಕಾದ್ದನ್ನು ಕೇಳಿದ್ದಳು, ಹೇಳಬೇಕಾದ್ದನ್ನು ಹೇಳಿದ್ದಳು.

ಕೋಣೆಗೆ ಹೋಗಿ ಸ್ನಾನ ಮಾಡಿ, ಬಿಳಿಯ ಬಟ್ಟೆ ಉಟ್ಟು, ಮೂರೂವರೆಗೆ ಮತ್ತೆ ವಿಹಾರದ ಜಗಲಿ ಹತ್ತಿದಳು. ಜನ ಕಡಿಮೆ. ಮೂವರು ಭಿಕ್ಷುಗಳು ಬೀಸಣಿಗೆ ಮುಂದಿಟ್ಟುಕೊಂಡು ಕೂತಿದ್ದರು. ಮೂಲೆಯಲ್ಲಿ ಒಂದು ಫ್ಯಾನು ಕತ್ತು ತಿರುಗಿಸುತ್ತ ಎಲ್ಲರಿಗೂ ಒಂದೊಂದು ಪಾಲು ಗಾಳಿ ಹಂಚುತ್ತಿತ್ತು. ಪ್ರಸೋಂ ತಾತ ತಟ್ಟೆ ಮುಂದೆ ತಂದ.

"ಸಿಕ್ತಾ ಹೆಸರು? ಕೊಡಿಲ್ಲಿ. ಓ, ಫರಂಗಿ ಅಕ್ಷರ. ಭಿಕ್ಷುಗಳಿಗೆ ನಾನೇ ಓದಿ ಹೇಳ್ಬೇಕು." ಅವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. "ಟೋ...ರುನ್. ಟೋರುನ್. ಚೆನ್ನಾಗಿದೆ."

ಟೋರುನ್. ಅವಳು ಬಾಯೊಳಗೇ ಅಂದುಕೊಂಡಳು. ಪದ್ಯದ ಮೊದಲ ಪದ ಹಿಡಿಯುವಂತೆ ಹಿಡಿದುಕೊಂಡಳು.

"ಇನ್ನೊಂದು ಹಾಲ್ವರ್. ಇಬ್ಬರಾ? ನೀನು ಬೆಳಿಗ್ಗೆ ಒಂದೇ ಅಂದಿದ್ದೆ."

"ಎಲ್ಲಿ?"

"ಇಲ್ಲಿ, ಕೆಳಗೆ. ಒಂದರ ಕೆಳಗೆ ಒಂದು ಬರೆದಿದಾರೆ ನೋಡು, ಒಂದೇ ಅಳತೆಗೆ. ಗಂಡ ಹೆಂಡ್ತಿನಾ? ಇಬ್ಬರೂ ಒಟ್ಟಿಗೇ ಹೋದ್ರಾ?"

ಅವಳು ಚೀಟಿ ನೋಡಿದಳು. ಅವಳಿಗೆ ಅಂಕಿಗಳು ಬಿಟ್ಟರೆ ಆ ಅಕ್ಷರಗಳು ಬಾರವು. ಎರಡು ಸಾಲು ಕಂಡವು. ಮೇಲಿನದರಷ್ಟೇ ನಿಧಾನವಾಗಿ, ಅಷ್ಟೇ ಅಚ್ಚುಕಟ್ಟಾಗಿ ಬರೆದ ಕೆಳಗಿನದು. ಸತ್ತವರದ್ದು ಮಾತ್ರಾನಾ ಎಂದು ಅವನು ಕೇಳಿದ್ದ. ಅವಳು ಒಂದು ನಾಯಿಯನ್ನು ನೋಡುತ್ತ ಹೂಂ ಎಂದಿದ್ದಳು.

ಕೈ ತಾನಾಗಿ ಮುಂದೆ ಹೋಯಿತು. ತಾತನ ಬೆರಳಿನಿಂದ ಚೀಟಿ ಕಿತ್ತುಕೊಂಡು, ಎರಡು ಸಾಲಿನ ನಡುವೆ ಉಗುರಿನಿಂದ ಗೆರೆ ಎಳೆದು, ಹರಿದಳು. ಮೇಲಿನ ತುಂಡನ್ನು ತಟ್ಟೆಗೆ ಹಾಕಿದಳು. ಕೆಳಗಿನದನ್ನು ಮುಷ್ಟಿಯಲ್ಲಿ ಹಿಡಿದಳು.

"ಏನಮ್ಮ ಇದು? ಹರಿದ ಚೀಟಿ ಸುಡೋ ಪದ್ಧತಿ ಇಲ್ಲ."

"ಇವರು ಬದುಕಿದಾರೆ, ತಾತ."

"ನೀನು ನೋಡಿದೀಯಾ?"

"ಒಂದು ಗಂಟೆಗೆ ವ್ಯಾನು ಹತ್ತಿದ್ರು."

ಪ್ರಸೋಂ ತಾತ ಗೋಡೆಯ ಗಡಿಯಾರ ನೋಡಿದ. ತಟ್ಟೆಯನ್ನು ಭಿಕ್ಷುಗಳ ಮುಂದಿಟ್ಟು, ಆ ಹೆಸರನ್ನು ಮೆಲ್ಲಗೆ ಎರಡು ಸಲ ಓದಿ ಹೇಳಿದ. ಪಠಣ ಶುರುವಾಯಿತು. ಹಿರಿಯ ಭಿಕ್ಷು ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಂಡಾಗ ಅವಳೂ ಉಸಿರೆಳೆದುಕೊಂಡಳು. ಒಂದು ಪದವೂ ತಪ್ಪದಂತೆ ಕೇಳಿದಳು. ಕೇಳುವುದು ಇಷ್ಟು ನೋಯುತ್ತದೆಂದು ಮರೆತುಹೋಗಿತ್ತು. ಉಣ್ಣೆ ಕೋಟು ಇನ್ನು ಬೇಡ ಎಂದಿದ್ದನಂತೆ. ಯಾರಿಗೆ ಫೋನು ಮಾಡುವುದು? ಅವನ ಊರಿನ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಹೇಳಿದ್ದ, ಎರಡನೆಯ ದಿನವೋ ಮೂರನೆಯ ದಿನವೋ, ದೋಣಿಗಳ ವಿಷಯ ಏನೋ ಹೇಳುತ್ತ ಹೇಳಿದ್ದ. ವ್ಯಾನಿನ ಮೆಟ್ಟಿಲ ಮೇಲೆ ತಿರುಗಿ ಹೇಳಿದ್ದು ಏನು? ಬುದ್ಧನ ಮುಂದೆ ಟೋರುನ್ ಎಂಬ ಹೆಸರು ಅಂಚಿನಿಂದ ಸುರುಟಿಕೊಳ್ಳುತ್ತ, ಕಂದಾಗಿ, ಕಪ್ಪಾಗಿ, ಒಂದು ಸಣ್ಣ ಹೊಗೆಯಾಗಿ ಎದ್ದಿತು. ಎಡಗೈಯಿಂದ ಚೊಂಬು ಬಗ್ಗಿಸಿ ನೀರು ಬಿಟ್ಟಳು. ಬಲಗೈ ಬಿಚ್ಚಲಿಲ್ಲ.

ಕೊನೆಯ ನಮಸ್ಕಾರಕ್ಕೆ ಎರಡೂ ಅಂಗೈಗಳನ್ನು ನೆಲಕ್ಕೆ ಊರಬೇಕು. ಅವಳು ಬಗ್ಗಿದಳು, ಮುಷ್ಟಿ ಬಿಚ್ಚಿದಳು, ಬಿಚ್ಚಿದ ಅಂಗೈ ಕೆಳಗೆ ಆ ತುಂಡು ಕಾಗದ ನೆಲಕ್ಕೆ ಒತ್ತಿಕೊಂಡಿತು. ಬೆವರಿಗೆ ನೆನೆದಿತ್ತು. ಹಣೆ ತಣ್ಣನೆಯ ಕಲ್ಲಿಗೆ ತಾಗಿತು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯದರಲ್ಲಿ ಅವಳು ಏಳಲಿಲ್ಲ. ಮೂಲೆಯ ಫ್ಯಾನು ಕತ್ತು ತಿರುಗಿಸಿ ಇತ್ತ ಬಂತು, ಕಾಗದದ ಹೊರಬಂದ ಅಂಚು ಪಟಪಟ ಎಂದಿತು, ಫ್ಯಾನು ಅತ್ತ ಹೋಯಿತು. ಮತ್ತೆ ಬಂತು. ಭಿಕ್ಷುಗಳು ಎದ್ದು ಹೋದದ್ದು ಕೇಳಿಸಿತು. ತಟ್ಟೆ ತೊಳೆದದ್ದು ಕೇಳಿಸಿತು. ದೂರದ ಓಣಿಯಲ್ಲಿ ಕುರ್ಚಿಗಳನ್ನು ಇಳಿಸುವ ಹೊತ್ತಾಗಿತ್ತು.

"ಬುಪ್ಪಾ, ಮುಗೀತಮ್ಮ, ಏಳು" ಎಂದ ಪ್ರಸೋಂ ತಾತ.

ಕೈ ಎತ್ತಿದರೆ ಹಾರಿಹೋಗುತ್ತದೆ. ಅವಳು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು.